ಚಿಲ್ಲರೆಯಲ್ಲಿ ಲಕ್ಷ ಹುಡುಕುವವರಿಗೆ

ನಮ್ಮ ಬೀದಿಯ ತಿರುವಿನಲ್ಲಿ ಹೂ ಕಟ್ಟಿ ಮಾರುವ ಅಮ್ಮನ ಬಳಿ ವೈಷ್ಣೋದೇವಿಯ ಚಿತ್ರವಿರುವ ಐದು ರೂಪಾಯಿಯ ನಾಣ್ಯವೊಂದಿದೆ. ಅದಕ್ಕೆ ಹತ್ತು ಲಕ್ಷ ಸಿಗುತ್ತದೆಂದು ಯಾರೋ ಮೊಬೈಲಿನಲ್ಲಿ ವಿಡಿಯೊ ತೋರಿಸಿದರು. ಅದರಲ್ಲಿದ್ದ ನಂಬರಿಗೆ ಮಗ ಫೋನ್ ಮಾಡಿದ. ಕೊಳ್ಳುವವರು ತಯಾರಿದ್ದರು, ನೋಂದಣಿ ಶುಲ್ಕವೆಂದು ಒಂಬೈನೂರು ಕಟ್ಟಿದರೆ ಸಾಕಿತ್ತು. ಆಮೇಲೆ ತೆರಿಗೆ ಎಂದು ಮೂರು ಸಾವಿರ. ಆಮೇಲೆ ರಿಸರ್ವ್ ಬ್ಯಾಂಕಿನ ಅನುಮತಿಗೆಂದು ಇನ್ನಷ್ಟು. ಆಮೇಲೆ ಫೋನ್ ಸ್ವಿಚ್ ಆಫ್. ನಾಣ್ಯ ಈಗಲೂ ಅಮ್ಮನ ಹತ್ತಿರವೇ ಇದೆ.

ಈ ಕಥೆ ಹೇಳಿದಾಗ ಓದಿದ ಗೆಳೆಯರು ನಕ್ಕರು. ಮೋಸ ಹೋಗುವವರು ಇರುವವರೆಗೆ ಮೋಸ ಮಾಡುವವರು ಇದ್ದೇ ಇರುತ್ತಾರೆ ಎಂದರು. ನನ್ನ ಜಗಳ ಇರುವುದು ಆ ಫೋನಿನ ಕಳ್ಳನ ಜೊತೆ ಮಾತ್ರವಲ್ಲ, ಈ ನಗುವಿನ ಜೊತೆಗೂ. ‘ಈ ನಾಣ್ಯ ನಿಮ್ಮಲ್ಲಿದ್ದರೆ ನೀವೇ ಲಕ್ಷಾಧಿಪತಿ’ ಎಂದು ವಾರಕ್ಕೊಂದು ತಲೆಬರಹ ಕೊಡುವ ಸುದ್ದಿತಾಣಗಳನ್ನು ನಡೆಸುವವರು ಓದಿದವರೇ ತಾನೇ? ಹಳೆಯ ನೋಟು, ನಾಣ್ಯಗಳ ಮಾರಾಟಕ್ಕೆ ತನ್ನ ಹೆಸರು ಬಳಸಿ ಶುಲ್ಕ, ತೆರಿಗೆ ಕೇಳುವವರಿದ್ದಾರೆ, ತಾನು ಇಂಥ ವ್ಯವಹಾರ ಮಾಡುವುದಿಲ್ಲ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲಿಯೇ ಎಚ್ಚರಿಸಿತ್ತು. ಲಕ್ಷದ ಸುದ್ದಿ ಹೂವಿನ ಅಂಗಡಿಯವರೆಗೂ ತಲುಪಿತು. ಎಚ್ಚರಿಕೆ ಅಲ್ಲಿಗೆ ತಲುಪಲಿಲ್ಲ.

ತಲುಪಬೇಕಿದ್ದ ತಿಳಿವಳಿಕೆ ದೊಡ್ಡದೇನಲ್ಲ. ವೈಷ್ಣೋದೇವಿ ನಾಣ್ಯ ಟಂಕಸಾಲೆಯ ತಪ್ಪಲ್ಲ. ಆ ದೇವಸ್ಥಾನ ಮಂಡಳಿಗೆ ಇಪ್ಪತ್ತೈದು ವರ್ಷ ತುಂಬಿದ್ದಕ್ಕೆ 2012ರಲ್ಲಿ ಸರ್ಕಾರವೇ ಬೇಕೆಂದು ಹೊಡೆಸಿದ ಸ್ಮಾರಕ ನಾಣ್ಯ ಅದು. ಇಸವಿಯ ಕೆಳಗಿನ ಚುಕ್ಕಿಯೂ ತಪ್ಪಲ್ಲ. ನಮ್ಮ ನಾಣ್ಯಗಳು ಮುಂಬೈ, ಕೋಲ್ಕತ್ತ, ಹೈದರಾಬಾದ್, ನೋಯ್ಡಾ ಟಂಕಸಾಲೆಗಳಲ್ಲಿ ತಯಾರಾಗುತ್ತವೆ. ಇಸವಿಯ ಕೆಳಗೆ ವಜ್ರದಾಕಾರವಿದ್ದರೆ ಸಾಮಾನ್ಯವಾಗಿ ಮುಂಬೈಯದು, ನಕ್ಷತ್ರವಿದ್ದರೆ ಹೈದರಾಬಾದಿನದು, ದುಂಡು ಚುಕ್ಕಿ ನೋಯ್ಡಾದ್ದು, ಏನೂ ಇಲ್ಲದಿದ್ದರೆ ಕೋಲ್ಕತ್ತದ್ದು. ಈ ಗುರುತುಗಳನ್ನೇ ‘ಅಪರೂಪದ ದೋಷ’ ಎಂದು ತೋರಿಸುವ ವಿಡಿಯೊಗಳಿವೆ. ಊರಿನ ವಿಳಾಸವನ್ನೇ ಕಾಗುಣಿತದ ತಪ್ಪು ಎಂದು ಮಾರಿದ ಹಾಗೆ.

ಹಾಗಾದರೆ ನಿಜವಾದ ತಪ್ಪು ಯಾವುದು? ಅದಕ್ಕೆ ನಾಣ್ಯ ಹುಟ್ಟುವ ಬಗೆ ಗೊತ್ತಿರಬೇಕು. ಲೋಹದ ಹಾಳೆಯಿಂದ ಬಿಲ್ಲೆಗಳನ್ನು ಕತ್ತರಿಸುತ್ತಾರೆ. ಬಿಲ್ಲೆ ಒಂದು ಬಳೆಯೊಳಗೆ ಕೂರುತ್ತದೆ, ಮೇಲಿನ ಅಚ್ಚು ಕೆಳಗಿನ ಅಚ್ಚಿನ ಮೇಲೆ ಬಡಿದು ಎರಡೂ ಮುಖ ಒಟ್ಟಿಗೆ ಮೂಡುತ್ತವೆ. ಬಿಲ್ಲೆ ಸರಿದು ಕೂತಿದ್ದರೆ ಚಿತ್ರ ಒಂದು ಬದಿಗೆ ಜಾರಿ, ಇನ್ನೊಂದು ಬದಿ ಬೋಳಾಗಿ ಉಳಿಯುತ್ತದೆ. ಹೊಡೆದ ನಾಣ್ಯ ಅಚ್ಚಿಗೇ ಅಂಟಿಕೊಂಡರೆ ಮುಂದಿನ ಬಿಲ್ಲೆಯ ಮೇಲೆ ಅದೇ ಚಿತ್ರ ಕನ್ನಡಿಯಲ್ಲಿ ಕಂಡಂತೆ ತಿರುಗಿ, ತಗ್ಗಾಗಿ ಮೂಡುತ್ತದೆ. ಅಚ್ಚು ಬಿರುಕು ಬಿಟ್ಟಿದ್ದರೆ ನಾಣ್ಯದ ಮೇಲೆ ಉಬ್ಬುಗೆರೆ ಬರುತ್ತದೆ. ಅಚ್ಚು ತಿರುಗಿ ಕೂತಿದ್ದರೆ, ಪುಸ್ತಕದ ಹಾಳೆ ಮಗುಚಿದಂತೆ ನಾಣ್ಯವನ್ನು ಮಗುಚಿದಾಗ ಹಿಂದಿನ ಮುಖ ಓರೆಯಾಗಿ ಕಾಣುತ್ತದೆ. ಸರಿಯಾದ ನಾಣ್ಯದಲ್ಲಿ ಅದು ನೆಟ್ಟಗಿರುತ್ತದೆ.

ಪ್ರತಿ ತಪ್ಪಿಗೂ ಹೀಗೆ ಯಂತ್ರದೊಳಗೊಂದು ಕಾರಣವಿರುತ್ತದೆ. ‘ಇದು ಹೇಗೆ ಆಯಿತು?’ ಎಂದು ಕೇಳಿದಾಗ ಯಂತ್ರದಿಂದ ಉತ್ತರ ಬರದಿದ್ದರೆ ಅದು ಟಂಕಸಾಲೆಯ ತಪ್ಪಲ್ಲ, ಆಮೇಲಿನ ಗಾಯ. ಅಂಚು ತಟ್ಟಿದ್ದು, ಆಸಿಡ್ಡಿನಲ್ಲಿ ಅದ್ದಿದ್ದು, ನಾವು ಚಿಕ್ಕವರಿದ್ದಾಗ ಮಾಡಿದಂತೆ ರೈಲು ಹಳಿಯ ಮೇಲಿಟ್ಟು ಚಪ್ಪಟೆ ಮಾಡಿದ್ದು, ಇವೆಲ್ಲ ‘ದೋಷ ನಾಣ್ಯ’ಗಳಾಗಿ ಮಾರಾಟಕ್ಕಿವೆ. ನಾಣ್ಯವನ್ನು ಕತ್ತರಿಸುವುದು, ಕರಗಿಸುವುದು, ಹಾಳುಗೆಡಹುವುದು 2011ರ ನಾಣ್ಯ ಕಾಯ್ದೆಯಡಿ ಅಪರಾಧ ಎಂಬುದನ್ನು ಯಾವ ಮಾರಾಟಗಾರನೂ ಹೇಳುವುದಿಲ್ಲ.

‘ಆದರೆ ಕೆಲವರಿಗಾದರೂ ಸಿಕ್ಕಿದೆಯಲ್ಲ?’ ಎಂದು ಕೇಳುತ್ತೀರಿ. ಸಿಕ್ಕಿದೆ. 1943ರಲ್ಲಿ ಯುದ್ಧಕ್ಕೆ ತಾಮ್ರ ಬೇಕಾಗಿ ಅಮೆರಿಕ ತನ್ನ ಒಂದು ಸೆಂಟನ್ನು ಸತು ಲೇಪಿಸಿದ ಉಕ್ಕಿನಲ್ಲಿ ಹೊಡೆಯಿತು. ಹಳೆಯ ಕಂಚಿನ ಬಿಲ್ಲೆಗಳು ಕೆಲವು ಎಲ್ಲೋ ಉಳಿದಿದ್ದು ಯಂತ್ರಕ್ಕೆ ಸಿಕ್ಕವು. ಅಂಥದ್ದೊಂದು 1947ರಲ್ಲಿ ಮಸಾಚುಸೆಟ್ಸ್‌ನ ಒಬ್ಬ ಶಾಲಾ ಹುಡುಗನಿಗೆ ಕ್ಯಾಂಟೀನಿನ ಚಿಲ್ಲರೆಯಲ್ಲಿ ಬಂತು. ವಿಚಾರಿಸಿದಾಗ ಸರ್ಕಾರ ಅಂಥ ನಾಣ್ಯವೇ ಇಲ್ಲ ಎಂದಿತು. ಅವನು ಬದುಕಿಡೀ ಅದನ್ನು ಇಟ್ಟುಕೊಂಡಿದ್ದ. ಅವನು ತೀರಿಹೋದ ಮೇಲೆ, 2019ರ ಜನವರಿಯಲ್ಲಿ, ಅದು ಹರಾಜಿನಲ್ಲಿ ಎರಡು ಲಕ್ಷ ಡಾಲರಿಗೂ ಹೆಚ್ಚಿಗೆ ಹೋಯಿತು.

ವಿಡಿಯೊದವರು ಈ ಕಥೆಯ ಕೊನೆಯ ಸಾಲನ್ನಷ್ಟೇ ಹೇಳುತ್ತಾರೆ. ಉಕ್ಕಿನ ಸೆಂಟಿಗೆ ತಾಮ್ರ ಬಳಿದು ಮೋಸ ಮಾಡಿದವರು ಎಷ್ಟೋ ಮಂದಿ ಇದ್ದರು, ಅವರನ್ನು ಹಿಡಿಯಲು ಒಂದು ಅಯಸ್ಕಾಂತ ಸಾಕಾಗುತ್ತಿತ್ತು ಎಂಬುದನ್ನು ಹೇಳುವುದಿಲ್ಲ. ನಿಜವಾದ ಹರಾಜಿನವರು ನಾಣ್ಯವನ್ನು ಕೈಗೆ ತೆಗೆದುಕೊಂಡು ತೂಗುತ್ತಾರೆ, ಅಳೆಯುತ್ತಾರೆ. ಫೋಟೊ ಕಳಿಸಿದ ಐದು ನಿಮಿಷದಲ್ಲಿ ಲಕ್ಷದ ಬೆಲೆ ಹೇಳಿ ಶುಲ್ಕ ಕೇಳುವವನು ನಾಣ್ಯವನ್ನು ನೋಡುತ್ತಿಲ್ಲ, ನಿಮ್ಮ ಜೇಬನ್ನು ನೋಡುತ್ತಿದ್ದಾನೆ.

‘ಬಡವರ ಆಸೆಗೆ ಯಾಕೆ ಕಲ್ಲು ಹಾಕುತ್ತೀರಿ’ ಎಂದು ಕೇಳುವವರೂ ಇದ್ದಾರೆ. ಆಸೆ ಇರಲಿ. ಆದರೆ ಅದರ ಜೊತೆ ಬಂದಿರುವ ಕುರುಡನ್ನು ನೋಡಿ. ಯಾವ ಅಂಗಡಿಯಲ್ಲಿ ಐದು ರೂಪಾಯಿಗೆ ಹತ್ತು ಲಕ್ಷದ ಕನಸು ಕಂಡರೋ ಅದೇ ಅಂಗಡಿಯಲ್ಲಿ ಹತ್ತು ರೂಪಾಯಿಯ ನಾಣ್ಯ ಕೊಟ್ಟರೆ ‘ನಡೆಯಲ್ಲ’ ಎನ್ನುತ್ತಿದ್ದರು. ಒಂದರಲ್ಲಿ ಹತ್ತು ಗೆರೆ, ಇನ್ನೊಂದರಲ್ಲಿ ಹದಿನೈದು ಗೆರೆ ಇರುವುದರಿಂದ ಯಾವುದೋ ಒಂದು ಖೋಟಾ ಎಂಬ ವದಂತಿ. ಹದಿನಾಲ್ಕು ವಿನ್ಯಾಸಗಳೂ ಚಲಾವಣೆಯಲ್ಲಿವೆ ಎಂದು ರಿಸರ್ವ್ ಬ್ಯಾಂಕ್ 2018ರ ಜನವರಿಯಲ್ಲಿ ಸ್ಪಷ್ಟವಾಗಿ ಹೇಳಿದ ಮೇಲೂ ಬಸ್ಸಿನಲ್ಲಿ, ಸಂತೆಯಲ್ಲಿ ಅದನ್ನು ತಳ್ಳಿಹಾಕಿದರು. ಅಸಲಿಯನ್ನು ಖೋಟಾ ಎನ್ನುವುದು, ಸಾಧಾರಣವನ್ನು ನಿಧಿ ಎನ್ನುವುದು, ಎರಡಕ್ಕೂ ಬೇರು ಒಂದೇ. ದಿನಾ ಕೈಯಲ್ಲಿ ಹಿಡಿಯುವ ವಸ್ತುವನ್ನು ನೋಡಲು ನಮಗೆ ಯಾರೂ ಕಲಿಸಲಿಲ್ಲ. ಕಲಿತವರು ಹೇಳಿಕೊಡುವ ಬದಲು ನಕ್ಕರು.

ಹೋದ ಭಾನುವಾರ ಒಂದು ಭೂತಗನ್ನಡಿ ತೆಗೆದುಕೊಂಡು ಹೂವಿನ ಅಮ್ಮನ ಪಕ್ಕ ಕೂತೆ. ಡಬ್ಬಿಯ ಚಿಲ್ಲರೆಯನ್ನು ಗೋಣಿಯ ಮೇಲೆ ಸುರಿದೆವು. ಒಂದು ಗಂಟೆ ನೋಡಿದರೂ ಒಂದು ತಪ್ಪೂ ಸಿಗಲಿಲ್ಲ. ಸಿಗುವುದು ಕಷ್ಟವೆಂದು ಮೊದಲೇ ಹೇಳಿದ್ದೆ. ಆದರೆ ನಕ್ಷತ್ರ, ವಜ್ರ, ಚುಕ್ಕಿ, ಬರಿದು ಎಂದು ನಾಲ್ಕು ಗುಂಪು ಮಾಡುವುದನ್ನು ಅವರು ನನಗಿಂತ ಬೇಗ ಕಲಿತರು. ಅಷ್ಟರಲ್ಲಿ ಗಿರಾಕಿಯೊಬ್ಬ ಮೊಳ ಮಲ್ಲಿಗೆ ಕೊಂಡು ಹತ್ತು ರೂಪಾಯಿಯ ನಾಣ್ಯ ಮುಂದಿಟ್ಟು, ‘ತಗೋತೀರಾ?’ ಎಂದು ಅನುಮಾನದಿಂದ ಕೇಳಿದ. ಅಮ್ಮ ಅದನ್ನು ಕಣ್ಣ ಹತ್ತಿರ ಹಿಡಿದು ಗೆರೆ ಎಣಿಸಿದರು, ಇಸವಿಯ ಕೆಳಗೆ ನೋಡಿದರು.

‘ಹೈದರಾಬಾದಿಂದು, ನಡೀತದೆ’ ಎಂದು ಡಬ್ಬಿಗೆ ಹಾಕಿಕೊಂಡರು.