ಒಡೆಯ ಬದಲಾದ ಆಳು

ಬಳಸದೆ ಬಿಟ್ಟ ಟ್ಯಾಬುಗಳನ್ನು ಮಲಗಿಸಿ ಕಂಪ್ಯೂಟರಿನ ಮೆಮೊರಿ ಉಳಿಸುವ ‘ದಿ ಗ್ರೇಟ್ ಸಸ್ಪೆಂಡರ್’ ಎಂಬ ಎಕ್ಸ್‌ಟೆನ್ಷನ್, ಕ್ರೋಮ್ ಬ್ರೌಸರಿನಲ್ಲಿ ಲಕ್ಷಾಂತರ ಮಂದಿಗೆ ನಂಬಿಕೆಯ ಆಳಾಗಿದ್ದಿತು. 2020ರಲ್ಲಿ ಅದನ್ನು ರಚಿಸಿದಾತ ಅಜ್ಞಾತರಿಗೆ ಮಾರಿಬಿಟ್ಟನು. ಆಳು ಅದೇ, ಉಡುಪೂ ಅದೇ; ಒಡೆಯ ಬೇರೆ! ಮನೆಯವರಿಗೆ ತಿಳಿಯುವುದೆಂತು? 2021ರ ಫೆಬ್ರವರಿಯಲ್ಲಿ, ಅದರಲ್ಲಿ ಕೇಡಿನ ತಂತ್ರಾಂಶವಿದೆಯೆಂದು ಗೂಗಲ್ ಸಂಸ್ಥೆಯೇ ಹೊರದೂಡಿತು. ಮಲಗಿದ್ದ ಟ್ಯಾಬುಗಳೂ ಜೊತೆಗೇ ಮಾಯವಾದುವು.

ಇಂಥವನ್ನು ಪಟ್ಟಿಯಿಂದ ‘ರಿಮೂವ್’ ಮಾಡಿದೊಡನೆ ಮನೆ ಚೊಕ್ಕಟವಾಯಿತೆನ್ನುವಂತಿಲ್ಲ. ಪ್ರೊಫೈಲ್ ಫೋಲ್ಡರಿನ ‘ಎಕ್ಸ್‌ಟೆನ್ಷನ್ಸ್’ ಎಂಬಲ್ಲಿ ಹಳೆಯ ಕಡತಗಳು ಕೆಲವೊಮ್ಮೆ ಉಳಿದಿರುತ್ತವೆ. ಅಲ್ಲಿ ಹೆಸರಿರುವುದಿಲ್ಲ, 32 ಅಕ್ಷರಗಳ, ಅರ್ಥವಿಲ್ಲದ ಗುರುತು ಮಾತ್ರ. ಆದುದರಿಂದ ತೆಗೆಯುವ ಮುನ್ನವೇ ಆ ಗುರುತನ್ನು ಬರೆದಿಟ್ಟುಕೊಳ್ಳುವುದು ಲೇಸು. ‘ಡೆವಲಪರ್ ಮೋಡ್’ ತೆರೆದರೆ ಅದು ಕಾಣುತ್ತದೆ. ಬಳಿಕ ಬ್ರೌಸರನ್ನು ಮುಚ್ಚಿ, ಅದೊಂದೇ ಫೋಲ್ಡರನ್ನು ಅಳಿಸಿದರಾಯಿತು.