ಮನೆಗೆ ಬಂದ ಪರದೆಯ ಪ್ರಶ್ನೆ

ಕೆಸರೆಯ ಗೃಹಸ್ಥರೊಬ್ಬರು ಈಚೆಗೆ ನಮ್ಮಲ್ಲಿಗೆ ಬಂದು, "ಗುರುಗಳೆ, ಕಂಪ್ಯೂಟರ್ ಆಟಕ್ಕೆ 144 ಹರ್ಟ್ಸ್‌ನ ಮಾನಿಟರನ್ನೇ ಕೊಡಿಸೆಂದು ಮಗ ಹಟ ಹಿಡಿದಿದ್ದಾನೆ. ಕೊಡಿಸಿದರೆ ಸಂಸಾರಕ್ಕೆ ಕೊರತೆ, ಇಲ್ಲವೆಂದರೆ ಮನೆಯಲ್ಲಿ ಮುನಿಸು" ಎಂದು ನಿವೇದಿಸಿಕೊಂಡರು. ಬಲ್ಲವರಿಂದ ಕೇಳಿ ಅರಿತುದನ್ನು ವಾಚಕರಿಗೂ ತಿಳಿಸುತ್ತೇವೆ.

ಹರ್ಟ್ಸ್ ಎಂಬುದು ಪರದೆಯು ಸೆಕೆಂಡಿಗೆ ಎಷ್ಟು ಬಾರಿ ಚಿತ್ರ ಬದಲಿಸಬಲ್ಲುದೆಂಬ ಲೆಕ್ಕ. 60ರ ಪರದೆ ಸುಮಾರು 16.7 ಮಿಲಿಸೆಕೆಂಡಿಗೊಮ್ಮೆ, 144ರದು ಸುಮಾರು 6.9 ಮಿಲಿಸೆಕೆಂಡಿಗೊಮ್ಮೆ ಹೊಸ ಚಿತ್ರ ತೋರುತ್ತದೆ. ವೇಗದ ಆಟಗಳಲ್ಲಿ ಈ ಅಂತರ ಕಣ್ಣಿಗೆ ತಿಳಿಯುವುದು ದಿಟ. ಆದರೆ ಚಿತ್ರಗಳನ್ನು ರಚಿಸುವುದು ಪರದೆಯಲ್ಲ, ಯಂತ್ರದೊಳಗಿನ ಗ್ರಾಫಿಕ್ಸ್ ಕಾರ್ಡ್. ಅದು ಸೆಕೆಂಡಿಗೆ 50 ಚಿತ್ರಗಳನ್ನಷ್ಟೇ ಕೊಡುವುದಾದರೆ ಹೆಚ್ಚಿನ ಹಣ ಬಹುಮಟ್ಟಿಗೆ ವ್ಯರ್ಥ. ಕೆರೆಯಲ್ಲಿ ನೀರಿಲ್ಲದಾಗ ತೂಬನ್ನು ಅಗಲಿಸಿದರೆ ಗದ್ದೆ ನೆನೆಯದು.

ಫಲಕದಲ್ಲಿಯೂ ಭೇದವುಂಟು. ಐಪಿಎಸ್ ಫಲಕವನ್ನು ಬದಿಯಿಂದ ನೋಡಿದರೂ ಬಣ್ಣ ಅಷ್ಟಾಗಿ ಕೆಡದು. ವಿಎ ಫಲಕದಲ್ಲಿ ಕಪ್ಪು ಗಾಢವಾಗಿ ಕಂಡರೂ ಕತ್ತಲೆಯ ದೃಶ್ಯಗಳ ಚಲನೆ ಮಸುಕಾಗಬಹುದು. 144ರದನ್ನು ಕೊಂಡವರು ವಿಂಡೋಸ್‌ನ ಸೆಟ್ಟಿಂಗ್‌ನಲ್ಲಿ ಆ ಅಂಕಿಯನ್ನು ಆರಿಸದಿದ್ದರೆ ಅದು 60ರಲ್ಲೇ ನಡೆಯುವುದೂ ಉಂಟು.

ತನ್ನ ಯಂತ್ರ ಕೊಡುವ ಚಿತ್ರಗಳನ್ನು ಮಗನೇ ಎಣಿಸಿ ಬರಲೆಂದೆವು. ವಾರದ ಮೇಲೆ ಹುಡುಗನೇ ಬಂದು, "ಐವತ್ತು ದಾಟುವುದಿಲ್ಲ, ಈಗ ಬೇಡವೆಂದು ಅಪ್ಪನಿಗೆ ಹೇಳಿದೆ" ಎಂದ. ನಿರಾಕರಣೆಯಿಂದ ಆಗದ ಕಾರ್ಯ ಅಳತೆಯಿಂದ ಆಯಿತು.