ಕೇಬಲ್ ಕೊಳ್ಳುವ ಮೊದಲು ಅರ್ಥಿಂಗ್ ಗುಂಡಿ ನೋಡಿ



ಕಾಯಿರ್ ಪ್ರಾಕ್ಟೀಸ್ ಮುಗಿದ ಮೇಲೆ ನಮ್ಮ ಹುಡುಗರ ಮಾತೆಲ್ಲ ಈಚೆಗೆ ಒಂದೇ. ಮನೆಯ ಮ್ಯೂಸಿಕ್ ಸಿಸ್ಟಮ್‌ಗೆ ಶೀಲ್ಡೆಡ್ ಪವರ್ ಕೇಬಲ್ ತರಿಸಬೇಕು, ಆಗ ಸ್ಪೀಕರಿನ ‘ಗುಂಯ್’ ನಿಲ್ಲುತ್ತದೆ ಅಂತ. ಆ ಕೇಬಲ್ಲಿಗೆ ಸಾವಿರಗಟ್ಟಲೆ ರೂಪಾಯಿ. ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡುತ್ತೇನೆ: ಆದೋನಿ, ಆಲೂರು, ಕೋಸಿಗಿ ಕಡೆಯ ಮನೆಗಳಲ್ಲಿ ಆ ದುಡ್ಡು ಮೊದಲು ಅರ್ಥಿಂಗ್‌ಗೆ ಹೋಗಲಿ. ಕೇಬಲ್ ಆಮೇಲೆ, ಬೇಕಿದ್ದರೆ.

ಶೀಲ್ಡ್ ಅಂದರೆ ಒಳಗಿನ ಮೂರು ತಂತಿಗಳ ಸುತ್ತ ಸುತ್ತಿದ ತಾಮ್ರದ ಜಾಲರಿ ಅಥವಾ ಅಲ್ಯೂಮಿನಿಯಂ ಹಾಳೆ. ಅದನ್ನು ಪ್ಲಗ್ಗಿನ ಅರ್ಥ್ ಪಿನ್ನಿಗೆ ಸೇರಿಸಿರುತ್ತಾರೆ. ತಂತಿಯಿಂದ ಹೊರಗೆ ಹರಡುವ ವಿದ್ಯುತ್ ಕ್ಷೇತ್ರವನ್ನು ಹಿಡಿದು ನೆಲಕ್ಕೆ ಇಳಿಸುವುದು ಅದರ ಕೆಲಸ. ಸಾಕೆಟ್ಟಿನ ಮೇಲಿನ ದೊಡ್ಡ ತೂತಿನ ಹಿಂದೆ ತಂತಿಯೇ ಇಲ್ಲದಿದ್ದರೆ ಇಳಿಸುವುದೆಲ್ಲಿಗೆ? ಹಳೆಯ ಮನೆಗಳಲ್ಲಿ ಆ ತೂತು ಎಷ್ಟೋ ಸಲ ಬರೀ ಅಲಂಕಾರ.

ಇನ್ನೊಂದು ವಿಷಯ. ನಮ್ಮ ಕರೆಂಟು 230 ವೋಲ್ಟ್, 50 ಹರ್ಟ್ಸ್. ಆ 50 ಹರ್ಟ್ಸಿನ ಕಾಂತಕ್ಷೇತ್ರವನ್ನು ತೆಳುವಾದ ತಾಮ್ರದ ಜಾಲರಿ ಹೆಚ್ಚೇನೂ ತಡೆಯುವುದಿಲ್ಲ. ಫೇಸ್, ನ್ಯೂಟ್ರಲ್ ತಂತಿಗಳನ್ನು ಒಂದಕ್ಕೊಂದು ಹೊಸೆದರೆ ಅದಕ್ಕಿಂತ ಚೆನ್ನಾಗಿ ತಗ್ಗುತ್ತದೆ. ಫ್ಯಾನ್ ರೆಗ್ಯುಲೇಟರ್, ಅಗ್ಗದ ಎಲ್ಇಡಿ ಬಲ್ಬು, ಕ್ರಿಸ್ಮಸ್ ನಕ್ಷತ್ರಕ್ಕೆ ಹಾಕುವ ಸೀರಿಯಲ್ ಲೈಟು ಎಬ್ಬಿಸುವ ಗಲಾಟೆಯಂತೂ ತಂತಿಯ ಒಳಗಿನಿಂದಲೇ ಬರುತ್ತದೆ. ಹೊರಗಿನ ಹೊದಿಕೆ ಅದಕ್ಕೇನು ಮಾಡೀತು? ಪವರ್ ಕೇಬಲ್ಲೂ ಸಿಗ್ನಲ್ ವೈರೂ ಒಂದೇ ಕಪಾಟಿನಲ್ಲಿ ಮೈಗೆ ಮೈ ತಾಗಿಸಿಕೊಂಡು ಹೋಗಲೇಬೇಕಾದ ಕಡೆ ಶೀಲ್ಡಿನಿಂದ ಪ್ರಯೋಜನ ಉಂಟು, ಇಲ್ಲವೆನ್ನಲಾರೆ. ಆದರೆ ಅವೆರಡನ್ನೂ ಒಂದು ಅಡಿ ದೂರ ಇಟ್ಟು, ದಾಟುವ ಕಡೆ ಅಡ್ಡಡ್ಡ ದಾಟಿಸಿದರೆ ಪೈಸೆ ಖರ್ಚಿಲ್ಲ.

ಗುಂಯ್ ಎಲ್ಲಿಂದ ಬರುತ್ತಿದೆ ಅಂತ ಮೊದಲು ಹುಡುಕಿ. ಆಂಪ್ಲಿಫೈಯರಿಗೆ ಬರುವ ಸಿಗ್ನಲ್ ವೈರುಗಳನ್ನೆಲ್ಲ ಕಿತ್ತಿಡಿ. ಆಗಲೂ ಸದ್ದಿದ್ದರೆ ದೋಷ ಆಂಪ್ಲಿಫೈಯರಿನದೇ ಇರಬಹುದು. ಹಳೆಯ ಸೆಟ್ಟಾದರೆ ಅದರ ಫಿಲ್ಟರ್ ಕೆಪಾಸಿಟರ್ ಸೊರಗಿರುವ ಸಾಧ್ಯತೆ ಹೆಚ್ಚು. ಸದ್ದು ನಿಂತರೆ ಒಂದೊಂದೇ ವೈರು ಮತ್ತೆ ಚುಚ್ಚಿ. ಟಿವಿಯ ಸೆಟ್‌ಟಾಪ್ ಬಾಕ್ಸ್ ಸೇರಿಸಿದಾಗ ಬಂತೋ, ಬೀದಿಯಿಂದ ಬರುವ ಕೇಬಲ್ಲಿನ ಅರ್ಥ್ ಒಂದು, ಮನೆಯ ಅರ್ಥ್ ಇನ್ನೊಂದು. ಎರಡರ ನಡುವೆ ಸುತ್ತುವ ಕರೆಂಟೇ ಆ ಸದ್ದು. ಲ್ಯಾಪ್‌ಟಾಪಿನದಾದರೆ ಚಾರ್ಜರ್ ತೆಗೆದ ಕೂಡಲೇ ನಿಲ್ಲುತ್ತದೆ. ಮ್ಯೂಸಿಕ್ಕಿನ ಸಾಮಾನುಗಳನ್ನೆಲ್ಲ ಒಂದೇ ಬೋರ್ಡಿಗೆ ಹಾಕಿದರೂ ಎಷ್ಟೋ ಕಮ್ಮಿಯಾಗುತ್ತದೆ.

ಇಲ್ಲಿ ಕೆಲವರು ಒಂದು ‘ಉಪಾಯ’ ಮಾಡುತ್ತಾರೆ. ಪ್ಲಗ್ಗಿನ ಅರ್ಥ್ ಪಿನ್ ಮುರಿದುಹಾಕುತ್ತಾರೆ, ಅಥವಾ ಎರಡು ಪಿನ್ನಿನ ಅಡಾಪ್ಟರ್ ಹಾಕುತ್ತಾರೆ. ಸದ್ದು ನಿಲ್ಲುತ್ತದೆ, ನಿಜ. ಆ ಪಿನ್ ಉಳಿದೆರಡಕ್ಕಿಂತ ದಪ್ಪ, ಉದ್ದ ಏಕೆ ಗೊತ್ತೇ? ಚುಚ್ಚುವಾಗ ಎಲ್ಲಕ್ಕಿಂತ ಮೊದಲು ಸೇರಲಿ, ಕೀಳುವಾಗ ಕೊನೆಗೆ ಬಿಡಲಿ ಅಂತ. ಅದನ್ನು ಮುರಿದ ಮೇಲೆ ಒಳಗೆ ಒಂದು ತಂತಿ ಡಬ್ಬಿಗೆ ತಾಗಿದರೆ, ಗಿಟಾರಿನ ತಂತಿಯಲ್ಲೂ ಮೈಕಿನ ಮುಖದಲ್ಲೂ ಮನೆಯ ಕರೆಂಟೇ. ‘ಯಾರ್ಡ್‌ಬರ್ಡ್ಸ್’ ತಂಡದ ಹಾಡುಗಾರ ಕೀತ್ ರೆಲ್ಫ್ 1976ರಲ್ಲಿ ಸತ್ತದ್ದು ತನ್ನ ಮನೆಯಲ್ಲೇ, ಅರ್ಥ್ ಸರಿಯಿಲ್ಲದ ಗಿಟಾರ್ ನುಡಿಸುತ್ತಾ. 2005ರ ಅಕ್ಟೋಬರ್ 30ರಂದು ಅಮೆರಿಕದ ವೇಕೊ ಊರಿನ ಚರ್ಚಿನಲ್ಲಿ ಪಾಸ್ಟರ್ ಕೈಲ್ ಲೇಕ್ ದೀಕ್ಷಾಸ್ನಾನದ ನೀರಿನಲ್ಲಿ ನಿಂತು ಮೈಕಿಗೆ ಕೈ ಚಾಚಿದರು. ಅಲ್ಲೇ ಶಾಕ್ ಹೊಡೆದು ತೀರಿಕೊಂಡರು. ವಯಸ್ಸು 33.

ಸಾಕೆಟ್ಟಿನಲ್ಲಿ ನ್ಯೂಟ್ರಲನ್ನೇ ಅರ್ಥಿಗೆ ಸೇರಿಸಿ ‘ಅರ್ಥ್ ಕೊಟ್ಟಿದ್ದೀವಿ ಅಣ್ಣಾ’ ಅನ್ನುವವರೂ ಇದ್ದಾರೆ. ಮನೆಗೆ ಬರುವ ನ್ಯೂಟ್ರಲ್ ಎಲ್ಲಾದರೂ ಕಳಚಿದ ಕ್ಷಣ ಅಂಥ ಮನೆಯಲ್ಲಿ ಫ್ರಿಜ್ಜಿನ ಬಾಗಿಲೂ ಹೊಡೆಯುತ್ತದೆ. ಇದನ್ನು ನಿಮ್ಮ ಅಪ್ಪಾಜಿ, ಅಮ್ಮ ಇಬ್ಬರಿಗೂ ಹೇಳಿ.

ನಮ್ಮ ನೆಲದ ಗುಣವೂ ತಿಳಿದಿರಲಿ. ಎರೆಮಣ್ಣು ಹಸಿಯಿದ್ದಾಗ ಕರೆಂಟನ್ನು ಚೆನ್ನಾಗಿ ಒಯ್ಯುತ್ತದೆ. ಬೇಸಿಗೆಯಲ್ಲಿ ಬಿರುಕು ಬಿಟ್ಟು ಪೈಪಿನಿಂದಲೇ ದೂರ ಸರಿಯುತ್ತದೆ; ಆಗ ಗುಂಡಿ ಇದ್ದೂ ಇಲ್ಲದಂತೆ. ಕೋಟೆ ಬೆಟ್ಟದ ಬುಡದ ಮನೆಗಳಿಗೆ ಬೇರೆ ಕಷ್ಟ, ಸ್ವಲ್ಪ ಅಗೆದರೆ ಬಂಡೆ. ಅಂಥ ಕಡೆ ಮಣ್ಣು ಆಳವಿರುವ ಮೂಲೆ ಹುಡುಕಿ ಅಲ್ಲಿಂದ ತಂತಿ ಎಳೆಯಬೇಕು.

ತಿಳಿದ ಎಲೆಕ್ಟ್ರಿಷಿಯನ್ ಅಣ್ಣನನ್ನು ಕರೆಸಿ. ಅರ್ಥ್ ಟೆಸ್ಟರಿನಿಂದ ಅಳೆಸಿ. ಗುಂಡಿ ಇಲ್ಲದಿದ್ದರೆ ಎರಡೂವರೆ ಮೀಟರಿನ ಜಿಐ ಪೈಪ್, ಸುತ್ತ ಇದ್ದಿಲು ಮತ್ತು ಉಪ್ಪು. ಮೇನ್ ಬೋರ್ಡಿನಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಿ, ಅದರ ಟೆಸ್ಟ್ ಬಟನ್ನನ್ನು ಆಗಾಗ ಒತ್ತಿ ನೋಡಿ. ಮಾರ್ಚಿನಿಂದ ಮಳೆ ಬರುವ ತನಕ ವಾರಕ್ಕೊಮ್ಮೆ ಗುಂಡಿಗೆ ಒಂದೆರಡು ಕೊಡ ನೀರು ಹಾಕುವ ಕೆಲಸ ಮನೆಯ ಹುಡುಗರದು. ಕುಡಿಯುವ ನೀರು ಬೇಡ, ಬಟ್ಟೆ ಜಾಲಿಸಿದ ನೀರಾದರೂ ನಡೆಯುತ್ತದೆ.